ಕಾಲು ಗಂಟೆಗೊಮ್ಮೆ ಬೀಳುವವನು

ವೆಲ್ಸ್ ಪಟ್ಟಣಕ್ಕೆ ಹೋಗಿ ಅಲ್ಲಿನ ದೊಡ್ಡ ಚರ್ಚು, ಕತೀಡ್ರಲ್, ನೋಡಿಕೊಂಡು ಬರುತ್ತೇನೆಂದು ಹೆಸ್ಟರ್ ಲವೆಲ್ ಅಕ್ಕನಿಗೆ ಹೇಳಿ ಬಂದಿದ್ದಳು. ಅದು ಅರ್ಧ ಸುಳ್ಳು. ಅವಳು ಬಂದದ್ದು ಬಾಡಿಗೆ ಕೋಣೆಯೊಂದನ್ನು ನೋಡಲು. ವಯಸ್ಸು ಐವತ್ತೆಂಟಾದರೂ, ಇಬ್ಬರೂ ಒಟ್ಟಿಗಿರುವ ಮನೆಯಲ್ಲಿ ಪರದೆ ಯಾವಾಗ ಸರಿಸಬೇಕು, ಬೆಳಗಿನ ಓಟ್ಸ್ ಗಂಜಿಗೆ ಉಪ್ಪೆಷ್ಟು, ಎಲ್ಲವೂ ಅಕ್ಕ ವಿನಿಫ್ರೆಡ್‌ಳದೇ ತೀರ್ಮಾನ. ಆ ಉಪ್ಪುಗಂಜಿ ಹೆಸ್ಟರ್‌ಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ಮೂವತ್ತು ವರ್ಷ ಬಟ್ಟಲು ಖಾಲಿ ಮಾಡಿದ್ದಳು.

"ಮೂರಕ್ಕೆ ಸರಿಯಾಗಿ ಬನ್ನಿ. ತಪ್ಪಿದ್ರೆ ಇನ್ನೊಬ್ರು ಕಾಯ್ತಾ ಇದಾರೆ, ಅವರಿಗೇ ಕೊಟ್ಬಿಡ್ತೀನಿ" ಎಂದು ಮನೆಯೊಡತಿ ಮಿಸೆಸ್ ಬ್ರಿಮ್ಲ್ ಫೋನಿನಲ್ಲಿ ಹೇಳಿದ್ದಳು.

ಬೆಳಿಗ್ಗೆಯೆಲ್ಲ ಹೆಸ್ಟರ್ ಸಂತೆಯಲ್ಲಿ ಸುತ್ತಿದಳು, ಬಿಷಪ್ಪರ ಅರಮನೆ ಸುತ್ತಲಿನ ಕಂದಕದ ಹಂಸಗಳನ್ನು ನೋಡಿದಳು. ಎರಡು ಗಂಟೆಗೆ ಕತೀಡ್ರಲಿನೊಳಗಿನ ಹಳೆಯ ಗಡಿಯಾರದ ಕೆಳಗೆ ನಿಂತಳು. ಕಾಲು ಗಂಟೆಗೊಮ್ಮೆ ಅದರ ಮೇಲೆ ಪುಟ್ಟ ಕುದುರೆ ಸವಾರರ ಗೊಂಬೆಗಳು ಕಾಳಗವಾಡುತ್ತ ಸುತ್ತುತ್ತವೆ. ಪ್ರತಿ ಸಲವೂ ಅದೇ ಒಬ್ಬ ಏಟು ತಿಂದು ಬೀಳುತ್ತಾನೆ.

"ನೂರಾರು ವರ್ಷದಿಂದ ಪಾಪ ಅವನಿಗೇ ಏಟು" ಎಂದ ಪಕ್ಕದಲ್ಲಿದ್ದ ಮುದುಕ. ಹೆಸರು ಟ್ರಸ್ಕಾಟ್, ನಿವೃತ್ತ ಭೂಗೋಳದ ಮೇಷ್ಟ್ರು. ಹೆಸ್ಟರ್ ನಕ್ಕಳು. ನಕ್ಕದ್ದೇ ತಪ್ಪಾಯಿತು.

ಮಾತು ಗಡಿಯಾರದಿಂದ ಕಮಾನಿಗೆ, ಕಮಾನಿನಿಂದ ಸತ್ತ ಬಿಷಪ್ಪರಿಗೆ, ಅಲ್ಲಿಂದ ಟ್ರಸ್ಕಾಟನ ಮೊಣಕಾಲಿನ ಆಪರೇಷನ್ನಿಗೆ ಹೋಯಿತು. ಹೆಸ್ಟರ್ ಕೋಟಿನ ಗುಂಡಿ ಹಾಕಿಕೊಂಡಳು. "ಸರಿ ಹಾಗಾದ್ರೆ" ಎಂದು ಎರಡು ಸಲ ಅಂದಳು. ನೇರವಾಗಿ ಹೊರಡುತ್ತೇನೆ ಎನ್ನುವುದು ಇಂಗ್ಲಿಷರಲ್ಲಿ ಕೆನ್ನೆಗೆ ಹೊಡೆದಷ್ಟೇ ದೊಡ್ಡ ಅಪಚಾರ.

"ನಿಮ್ಮ ಸಮಯ ಹಾಳು ಮಾಡ್ತಿದೀನೇನೋ..." ಎಂದಳು ಹೆಸ್ಟರ್.

"ಛೆ ಛೆ, ನಂಗೇನು ಕೆಲ್ಸ ಮೇಡಂ! ಹಾಂ, ಆಮೇಲೆ ಡಾಕ್ಟ್ರು ಏನಂದ್ರು ಅಂದ್ರೆ..."

ಎರಡೂಮುಕ್ಕಾಲು. ಸವಾರ ಬಿದ್ದ. ಹೆಸ್ಟರ್‌ಗೆ ಉಳಿದದ್ದು ಹದಿನೈದೇ ನಿಮಿಷ. ಕಾಲು ಕಿತ್ತು ನಡೆದರೆ ಮುಗಿಯಿತು, ತಡೆಯುವವರು ಯಾರೂ ಇಲ್ಲ. ಆದರೂ ಮುಖದ ಮೇಲಿನ ನಗು ಅಲುಗಲಿಲ್ಲ, ಕಾಲೂ ಅಲುಗಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮೂರು ಬಾರಿಸಿತು. ಸವಾರ ಮತ್ತೆ ಬಿದ್ದ.

"ಸಾಕು!" ಪ್ರಾರ್ಥನೆಗೆ ಕೂತವರೆಲ್ಲ ತಿರುಗಿ ನೋಡಿದರು. "ನಂಗೆ ಕೇಳೋಕೆ ಇಷ್ಟ ಇಲ್ಲ. ನಾನು ಹೋಗ್ಬೇಕು."

ಟ್ರಸ್ಕಾಟ್ ಕಣ್ಣು ಪಿಳಿಪಿಳಿ ಬಿಟ್ಟ. "ಮೊದ್ಲೇ ಹೇಳ್ಬಾರ್ದಿತ್ತಾ ಮೇಡಂ? ನೀವು ನಗ್ತಾ ನಿಂತೇ ಇದ್ರಿ, ಬಿಟ್ಟು ಹೋದ್ರೆ ನಿಮಗೆ ಬೇಜಾರಾಗತ್ತೇನೋ ಅಂತ ನಾನು ಮಾತು ಎಳೀತಾ ಇದ್ದೆ. ಮಂಡಿ ನೋವಿಗೆ ಪ್ರಾಣ ಹೋಗ್ತಾ ಇದೆ."

ಹೆಸ್ಟರ್ ಓಡಿದಳು. ಮಿಸೆಸ್ ಬ್ರಿಮ್ಲ್ ಫೋನ್ ಹಿಡಿದುಕೊಂಡೇ ಬಾಗಿಲು ತೆರೆದಳು. "ಆ ಇನ್ನೊಬ್ರಿಗೆ ಫೋನ್ ಮಾಡ್ತಾ ಇದ್ದೆ, ಬಚಾವಾದ್ರಿ. ಬನ್ನಿ." ಕೋಣೆಯಲ್ಲಿ ಒಂದು ಮಂಚ, ಒಂದು ಕಿಟಕಿ. ಹೆಸ್ಟರ್ ಆಗಲೇ ಒಪ್ಪಿಕೊಂಡಳು. ಬಾಯಿಗೆ ಬಂದ ಧೈರ್ಯ ಆರುವ ಮೊದಲು ಅಕ್ಕನಿಗೂ ಹೇಳಿಬಿಡೋಣವೆಂದು ಮಂಚದ ಮೇಲೆ ಕೂತು ಫೋನ್ ಮಾಡಿದಳು.

"ವಿನಿ, ನಾನು ಬೇರೆ ಇರ್ತೀನಿ. ಇಲ್ಲೇ, ವೆಲ್ಸ್‌ನಲ್ಲಿ."

ಆ ಕಡೆ ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಸರಿ ಬಿಡು" ಎಂದಳು ವಿನಿಫ್ರೆಡ್. "ನಾಳೆಯಿಂದ ಗಂಜಿಗೆ ಉಪ್ಪು ಹಾಕೋದಾದ್ರೂ ತಪ್ಪತ್ತೆ. ನಂಗದು ಯಾವತ್ತೂ ಸೇರ್ತಿರ್ಲಿಲ್ಲ ಕಣೇ. ನಿಂಗಿಷ್ಟ ಅಂತ ಹಾಕ್ತಿದ್ದೆ."