ಸರ್ಕಾರಿ ತಮಟೆ

"ಬಾರ್ಸೋ ಬೋಳಿಮಗನೆ! ತಿಂದಿದ್ದೆಲ್ಲ ಎಲ್ಲಿಗ್ ಹೋಯ್ತು? ಇವ್ಳು ಕಂದಾಯ ಕಟ್ಟಿಲ್ಲ ಅಂತ ಇಡೀ ಬೀದಿಗ್ ಗೊತ್ತಾಗ್ಬೇಕು!"

ಬೈದವನು ಪಟ್ಟಣ ಪಂಚಾಯ್ತಿಯ ಬಿಲ್ ಕಲೆಕ್ಟರ್ ಲಕ್ಷ್ಮೀಕಾಂತ. ಬೈಸಿಕೊಂಡವನು ತಮಟೆಯ ಚಿಕ್ಕಮಾರಯ್ಯ ತಾತ. ಮಾನ ಹೋಗಬೇಕಾದವಳು ನಮ್ಮಜ್ಜಿ ಭದ್ರಮ್ಮ. ಇಂಥ ಸೀನಿನಲ್ಲಿ ಹೀರೋ ಎಂಟ್ರಿ ಕೊಡಬೇಕು. ಆದರೆ ಹೀರೋ, ಅಂದರೆ ನಾನು, ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ನಲ್ಲಿಯ ಮುಂದೆ ನಿಂತಿದ್ದೆ. ಆ ನಲ್ಲಿಯನ್ನೇ ವಾಟರ್‌ಮ್ಯಾನು ಸ್ಪ್ಯಾನರ್ ಹಾಕಿ ಬಿಚ್ಚುತ್ತಿದ್ದ. ಡೈಲಾಗ್ ಹೊಡೆಯಲು ಬಾಯಿ ಖಾಲಿಯಿಲ್ಲ, ಮುಕ್ಕಳಿಸಲು ನೀರಿಲ್ಲ.

ಕಂದಾಯ ಕಟ್ಟದವರ ಮನೆ ಮುಂದೆ ತಮಟೆ ಹೊಡೆಸುವುದು ಆಫೀಸಿನವರ ಹೊಸ ಐಡಿಯಾ. ಸಂಜೆವರೆಗೆ ಹೊಡೆಯಲು ಕೂಲಿಗೆ ಸಿಕ್ಕಿದವನು ಚಿಕ್ಕಮಾರಯ್ಯ ತಾತ, ಅಜ್ಜಿಯ ಸ್ವಂತ ಮೈದುನ.

"ಅತ್ಗೆ, ತಪ್ ತಿಳ್ಕಬ್ಯಾಡ," ಎಂದ ತಾತ.

"ಬಾರ್ಸು ಮೈದ್ನ, ಹೊಟ್ಟೆಪಾಡು. ಬಾರ್ಸೋದ್ ಸರ್ಯಾಗ್ ಬಾರ್ಸು, ನಿಮ್ಮಣ್ಣನ್ ಮರ್ವಾದೆ ತೆಗೀಬ್ಯಾಡ."

ಅಜ್ಜಿ ಮಾಡಿದ ತಪ್ಪು ಜಗಲಿಯ ಮೇಲೆ ಇಡ್ಲಿ ಬೇಯಿಸಿ ಮಾರಿದ್ದು. ಹೋದ ವರ್ಷ ಲಕ್ಷ್ಮೀಕಾಂತ ಅದೇ ಜಗಲಿಯಲ್ಲಿ ಪುಕ್ಕಟೆ ಇಡ್ಲಿ ತಿಂದು, ಚಟ್ನಿ ನೆಕ್ಕಿ, ಅದೇ ಕೈಯಲ್ಲಿ ಟೇಪು ಹಿಡಿದು ಜಗಲಿ ಅಳೆದು 'ಹೋಟೆಲ್' ಎಂದು ಬರೆದುಕೊಂಡು ಹೋದ. ಕಂದಾಯ ಮೂರು ಪಟ್ಟಾಯಿತು.

"ಅಲ್ಲಾ ಕಣಪ್ಪ, ನಮ್ಮತ್ತೆ ಕಾಲ್ದಲ್ಲಿ ಪಟೇಲ್ರ ಆಳು ಬಂದು ಕಂದಾಯಕ್ಕೆ ಅಂತ ತಾಮ್ರದ್ ಕೊಡ ಎತ್ಕಂಡ್ ಹೋಗ್ತಿದ್ದ. ನೀವು ನೀರ್ನೇ ಎತ್ಕಂಡ್ ಹೋಗ್ತೀರಲ್ಲೋ! ನೀರಿಲ್ದೆ ಇಡ್ಲಿ ಹೆಂಗ್ ಬೇಯಿಸ್ಲಿ? ಇಡ್ಲಿ ಇಲ್ದೆ ಕಂದಾಯ ಹೆಂಗ್ ಕಟ್ಲಿ?"

"ಅದು ನಂಗೊತ್ತಿಲ್ಲ. ರೂಲ್ಸು."

"ಮೆಂಬರ್ ಶಿವರಾಮಯ್ಯನ ಕಲ್ಯಾಣ ಮಂಟಪ ದನಿನ್ ಕೊಟ್ಗೆ ಅಂತ ಬರ್ಕಂಡಿದ್ಯಲ್ಲ, ಅದ್ಯಾವ್ ರೂಲ್ಸೋ? ಅದ್ರ ಕಂದಾಯಾನೂ ಕಟ್ಟಿಲ್ವಂತಲ್ಲ?"

ಲಕ್ಷ್ಮೀಕಾಂತನ ಮುಖ ಕೆಂಪಾಯಿತು. "ಜಾಸ್ತಿ ಮಾತಾಡ್ಬೇಡ ಮುದ್ಕಿ! ಏಯ್, ಗಟ್ಟಿಯಾಗ್ ಹೊಡೀಲೇ!"

ಅಷ್ಟರಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು. ಚೇಳೂರಿನಿಂದ ಅಜ್ಜಿಯ ತಂಗಿ ಕದರಮ್ಮ.

"ಏನ್ಲಾ ಚೈತನ್ಯ, ಅದೇನ್ಲಾ ತಮಟೆ?"

ನೊರೆ ಉಗಿದು ಹೇಳಿದೆ: "ನಮ್ಮನೆ ಮುಂದೇ ಚಿಕ್ಕಜ್ಜಿ, ಭದ್ರಮ್ಮಜ್ಜಿಗೆ..."

"ಅಯ್ಯೋ ನಮ್ಮಕ್ಕಾ!" ಲೈನು ಕಟ್ಟಾಯಿತು.

ನಮ್ಮ ಕಡೆ ಹಬ್ಬವಿಲ್ಲದ ದಿನ ಬೆಳಗ್ಗೆ ಮನೆ ಮುಂದೆ ತಮಟೆ ಬಿತ್ತೆಂದರೆ ಒಂದೇ ಅರ್ಥ, ಒಳಗೆ ಹೆಣ ಇದೆ. ವಾಪಸ್ ಫೋನು ಮಾಡಬಹುದಿತ್ತು. ಆದರೆ ಇಂಟರ್‌ವಲ್‌ಗೆ ಮುಂಚೆಯೇ ಸಸ್ಪೆನ್ಸ್ ಒಡೆಯುವ ಮಗ ನಾನಲ್ಲ.

ಲಕ್ಷ್ಮೀಕಾಂತ ಬೀದಿಯೆಲ್ಲ ಸುತ್ತಿಸಿ ತಮಟೆಯನ್ನು ಮತ್ತೆ ನಮ್ಮ ಬಾಗಿಲಿಗೆ ತಂದು ನಿಲ್ಲಿಸುವ ಹೊತ್ತಿಗೆ ಚೇಳೂರಿನ ಬಸ್ಸು ಬಂತು. ಕದರಮ್ಮ ಎದೆ ಬಡಿದುಕೊಳ್ಳುತ್ತ ಮುಂದೆ, ಸೇವಂತಿಗೆ ಹಾರ ಹಿಡಿದ ನೆಂಟರ ದಂಡು ಹಿಂದೆ.

"ನನ್ ಬುಟ್ಟು ಹೋದ್ಯಲ್ಲಕ್ಕಾ! ನಿನ್ ಕೈ ಇಡ್ಲಿ ಇನ್ಯಾರೆ ಮಾಡ್ಕೊಟ್ಟಾರೂ..."

"ನಾನೇ ಮಾಡ್ಕೊಡ್ತೀನಿ, ಬಾಯ್ ಮುಚ್ಚೇ ಮುಂಡೆ!" ಎಂದಳು ಹೆಣ, ಬಾಗಿಲಲ್ಲಿ ನಿಂತು.

ಕದರಮ್ಮ ಎದೆ ಬಡಿದುಕೊಳ್ಳುವುದು ನಿಲ್ಲಿಸಿದಳು. ಅಕ್ಕ ಬದುಕಿದ್ದಾಳೆಂಬ ಖುಷಿಗಿಂತ ಬೇರೆಯದೇ ಚಿಂತೆ ಅವಳಿಗೆ. "ಅಂಗಾರೆ ಈ ಹಾರ ಏನ್ ಮಾಡ್ಲೇ? ವಾಪಸ್ ತಗಳಲ್ವಂತೆ ಆ ಹೂವಿನವ್ನು!"

ಅಜ್ಜಿ ಹಾರ ನೋಡಿದಳು. ತಮಟೆ ನೋಡಿದಳು. ನಲ್ಲಿ ಕಿತ್ತ ಒಣ ಪೈಪು ನೋಡಿದಳು. ಹಿನ್ನೆಲೆ ಸಂಗೀತ ನನ್ನ ತಲೆಯೊಳಗೇ ಶುರುವಾಯಿತು.

"ಹಾರ ಬಂದೈತೆ, ತಮಟೆ ಬಂದೈತೆ, ಅಳೋರೂ ಬಂದವ್ರೆ. ಹೆಣ ಒಂದೇ ಕಮ್ಮಿ. ಲೇ ಚೈತನ್ಯ, ಚಟ್ಟ ಕಟ್ರೋ!"

ಲಕ್ಷ್ಮೀಕಾಂತ ಕಿರುಚಿದ. ಯಾರೂ ಕೇಳಲಿಲ್ಲ. ನಾವು ಬಿದಿರು ಕಟ್ಟಿದೆವು. ಅಜ್ಜಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ಮಲಗಿದಳು. ಹಾರ ಬಿತ್ತು. ನಾಲ್ಕು ಹೆಗಲು ಎತ್ತಿದವು.

ನಮ್ಮ ಸ್ಮಶಾನಕ್ಕೆ ದಾರಿ ಶಿವರಾಮಯ್ಯನ ಮಂಟಪದ ಮುಂದೆಯೇ. ಅಲ್ಲಿ ಮಾತ್ರ ನಮ್ಮ ಹೆಣಗಳು ಬಾಯಿ ಮುಚ್ಚಿಕೊಂಡು ಹೋಗಬೇಕು. ಮಂಟಪ ಕಟ್ಟಿದಾಗಿನಿಂದ ಅದೇ ಕಟ್ಟಳೆ. ನಮ್ಮ ತಾತ ಸತ್ತಾಗಲೂ ಆ ಗೇಟು ದಾಟುವವರೆಗೆ ಚಿಕ್ಕಮಾರಯ್ಯ ತಾತ ಸ್ವಂತ ಅಣ್ಣನ ಸಾವಿನ ತಮಟೆಯನ್ನು ಕಂಕುಳಲ್ಲಿ ಮುಚ್ಚಿಟ್ಟುಕೊಂಡು ನಡೆದಿದ್ದ.

ಅಂದು ಗೇಟಿಗೆ ಬಾಳೆಕಂದು ಕಟ್ಟಿತ್ತು. ಶಿವರಾಮಯ್ಯನ ಮಗಳ ನಿಶ್ಚಿತಾರ್ಥ. ಗಂಡಿನವರು ಕುಣಿಗಲ್‌ನಿಂದ ಬಂದಿದ್ದರು.

ತಾತ ಗೇಟಿನ ಮುಂದೆ ನಿಂತ. ಅಭ್ಯಾಸಬಲದಿಂದ ಕೈ ಒಂದು ಗಳಿಗೆ ತಡೆಯಿತು. ಚಟ್ಟದ ಮೇಲಿಂದ ಅಜ್ಜಿ ಮೆಲ್ಲಗೆ ಅಂದಳು: "ಮೈದ್ನ, ಇವತ್ತು ಸರ್ಕಾರದ್ ತಮಟೆ ಕಣೋ."

ತಾತ ಹೊಡೆದ ನೋಡಿ! ಮಂಟಪದೊಳಗಿನ ವಾಲಗ ಬಿಕ್ಕಳಿಸಿ ನಿಂತುಹೋಯಿತು. ಶಿವರಾಮಯ್ಯ ರೇಷ್ಮೆ ಪಂಚೆ ಎತ್ತಿಕೊಂಡು ಓಡಿ ಬಂದ.

"ಏನ್ರೋ ಇದು, ನಾಯಿಗಳಾ! ಶುಭಕಾರ್ಯದ್ ಹೊತ್ನಲ್ಲಿ! ನಿಲ್ಸೋ!"

"ನಿಲ್ಸಂಗಿಲ್ಲ ಸಾಮಿ. ಕಂದಾಯ ಕಟ್ದಿರೋರ್ ಮನೆ ಮುಂದೆ ಸಂಜೆಗಂಟ ಬಾರ್ಸು ಅಂತ ಆರ್ಡ್ರು. ಬೇಕಾರೆ ಕೇಳಿ," ಎಂದು ತಾತ ಕೋಲು ಚಾಚಿದ. ಕೋಲಿನ ತುದಿಯಲ್ಲಿ ಏದುಸಿರು ಬಿಡುತ್ತ ಬಂದ ಲಕ್ಷ್ಮೀಕಾಂತ ಇದ್ದ.

ಗಂಡಿನ ಕಡೆಯ ಹಿರಿಯರೊಬ್ಬರು ಪಾಯಸದ ಲೋಟ ಹಿಡಿದೇ ಹೊರಗೆ ಬಂದರು. "ಏನ್ ಬೀಗ್ರೇ, ಮಂಟಪದ್ ಟ್ಯಾಕ್ಸು ಬಾಕಿನಾ?"

ಬೆಳಗ್ಗೆಯಿಂದ ಬಾಯಿಗೆ ಬರದ ಡೈಲಾಗು ಆಗ ಬಂತು. "ಮಂಟಪ ಅಲ್ಲ ಸಾರ್, ದನಿನ ಕೊಟ್ಟಿಗೆ. ಆಫೀಸಲ್ಲಿ ಅಂಗೇ ಐತೆ. ಪಾಯ್ಸ ತಗಳಿ, ಸಂಕೋಚ ಬ್ಯಾಡ."

ಹಿರಿಯರು ಲೋಟವನ್ನು ನೋಡಿದರು. ಆಮೇಲೆ ಬೀಗರನ್ನು ನೋಡಿದರು.

"ಎತ್ರೋ ಈ ಹೆಣಾನ!" ಶಿವರಾಮಯ್ಯ ಅರಚಿದ.

ಆಗ ಹೆಣ ಒಂದು ಕಣ್ಣು ಬಿಟ್ಟಿತು. ಎಲೆಅಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ತಳ್ಳಿತು.

"ಲಕ್ಷ್ಮೀಕಾಂತಾ, ನನ್ ನಲ್ಲೀಲಿ ನೀರ್ ಬರೋಗಂಟ ಈ ಹೆಣ ಏಳಲ್ಲ ಕಣಪ್ಪ."

ಕಣ್ಣು ಮತ್ತೆ ಮುಚ್ಚಿತು. ಲಕ್ಷ್ಮೀಕಾಂತ ವಾಟರ್‌ಮ್ಯಾನಿಗೆ ಫೋನು ಹಚ್ಚಿದ. ತಮಟೆಯ ಸದ್ದಿನಲ್ಲಿ ಆ ಕಡೆಯವನಿಗೆ ಏನೂ ಕೇಳಿಸುತ್ತಿರಲಿಲ್ಲ. ಶಿವರಾಮಯ್ಯ ತನ್ನ ಕಡೆಯವರತ್ತ ತಿರುಗಿದ. ಚಟ್ಟ ಮುಟ್ಟಲು ರೇಷ್ಮೆ ಪಂಚೆಯವನೊಬ್ಬನೂ ಮುಂದೆ ಬರಲಿಲ್ಲ. ನಮ್ಮೂರಿನಲ್ಲಿ ನಮ್ಮ ಹೆಣ ಎತ್ತುವವರು ನಾವು ಮಾತ್ರ.

ನಾವು ಕುಣಿಯುತ್ತಿದ್ದೆವು.