ಅಲಬಾಮಾದಿಂದ ಬಂದ ಕಾಗದ

"ಒಡಹುಟ್ಟಿದವರು ಮುಂದೆ! ಇಬ್ಬಿಬ್ಬರಾಗಿ ನಿಲ್ಲಿ, ಇಬ್ಬಿಬ್ಬರಾಗಿ!" ಎಂದು ಕೂಗುತ್ತ ಗ್ಯಾಸ್ಕಿನ್ ಚರ್ಚಿನ ಮೆಟ್ಟಿಲ ಕೆಳಗೆ ಮನೆಯವರನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಊರಿನ ಸಾವುಗಳ ಉಸ್ತುವಾರಿಯೆಲ್ಲ ಅವನದೇ. ಎಪ್ಪತ್ತೆಂಟರ ಹೋಸಿಯಾ ಮುಂದೆ ಬಂದು ನಿಂತನೇನೋ ಸರಿ, ನಿಂತಲ್ಲಿ ನಿಲ್ಲಲಾಗಲಿಲ್ಲ. ಟೈ ಸಡಿಲಿಸಿದ, ಮತ್ತೆ ಬಿಗಿದ. ಒಳಗೆ ಪೆಟ್ಟಿಗೆಯಲ್ಲಿ ಅಕ್ಕ ಲೂವೀನಿಯಾ ಮಲಗಿದ್ದಳು. ಯಾವ ಸಾವಿಗೂ ಈ ಅಕ್ಕ-ತಮ್ಮ ಜೋಡಿಯಾಗಿಯೇ ನಡೆದವರು. ಇವತ್ತು ಅವನ ಪಕ್ಕ ಖಾಲಿ.

"ಏನೋ, ಮೈಮೇಲೆ ಇರುವೆ ಬಿಟ್ಟಂಗೆ ಆಡ್ತೀಯಲ್ಲ," ಎಂದಳು ಹಿಂದೆ ನಿಂತಿದ್ದ ದೊಡ್ಡಪ್ಪನ ಮಗಳು ಇರ್ಮಾ, ಬೀಸಣಿಗೆ ಬೀಸುತ್ತ. "ಜಾರ್ಜಿಯಾದ ಸೆಖೆ ನಿನಗೇನು ಹೊಸದಾ?"

"ಸುಮ್ನಿರೇ."

ಅಷ್ಟರಲ್ಲಿ ಅಲಬಾಮಾದ ನಂಬರಿನ ಕಾರೊಂದು ಬಂದು ನಿಂತಿತು. ಕಪ್ಪು ಟೋಪಿಯ, ಎಪ್ಪತ್ತರ ಆಸುಪಾಸಿನ ಹೆಂಗಸು ಇಳಿದಳು. ಹೋಸಿಯಾ ಕಾರಿನ ನಂಬರನ್ನು ಮತ್ತೊಮ್ಮೆ ಓದಿದ.

*

ಇಪ್ಪತ್ತಾರು ವರ್ಷ, ಪ್ರತಿ ಗುರುವಾರ, ಲೂವೀನಿಯಾ ಕೋರ್ಟಿನ ನೆಲಮಾಳಿಗೆಯಲ್ಲಿ, ಗುಲಾಮರಾಗಿದ್ದ ತಮ್ಮ ಪೂರ್ವಿಕರನ್ನು ಹುಡುಕುತ್ತ ಹಳೇ ಕಡತ ತಿರುವಿದವಳು. ಗುಲಾಮರ ಹುಟ್ಟನ್ನು ಬರೆದಿಟ್ಟವರು ಯಾರು? ಅವರ ಹೆಸರು ಸಿಗುತ್ತಿದ್ದದ್ದು ಸತ್ತ ಯಜಮಾನರ ಆಸ್ತಿಪಟ್ಟಿಗಳಲ್ಲಿ, ಎತ್ತು-ಹಂಡೆಗಳ ನಡುವೆ.

"ನಮ್ಮಜ್ಜಿಯರು ಸಿಗ್ಬೇಕಂದ್ರೆ ಅವರ ಯಜಮಾನ ಸತ್ತಿರ್ಬೇಕು ಕಣೋ," ಎಂದು ನಗುತ್ತಿದ್ದಳು.

ಹಾಗೆ ಒಬ್ಬ ಸತ್ತಿದ್ದ, ೧೮೪೭ರಲ್ಲಿ. ಅವನ ಮಕ್ಕಳು ಚೀಟಿ ಎತ್ತಿ ಗುಲಾಮರನ್ನು ಪಾಲು ಮಾಡಿಕೊಂಡರು. ಮೊದಲ ಪಾಲಿನಲ್ಲಿ ಡೈಸಿ, ವಯಸ್ಸು ಒಂಬತ್ತು. ಅವಳು ಹೋಸಿಯಾನ ಅಜ್ಜನ ಅಜ್ಜಿ. ಎರಡನೇ ಪಾಲಿನಲ್ಲಿ ಅವಳ ತಮ್ಮ ಪ್ರೈಮಸ್, ವಯಸ್ಸು ನಾಲ್ಕು. ಅವನು ಹೋದದ್ದು ಅಲಬಾಮಾದಲ್ಲಿದ್ದ ಯಜಮಾನನ ಮಗಳ ಮನೆಗೆ.

"ನಾಲ್ಕು ವರ್ಷದ ಕೂಸು! ಅಕ್ಕನ ಕೈಯಿಂದ ಕಿತ್ಕೊಂಡು ಹೋದ್ರಲ್ಲೋ," ಎಂದು ಅತ್ತು, ಅವನ ವಂಶದವರನ್ನು ಹುಡುಕಿ ಸಿಕ್ಕ ಸಿಕ್ಕ ವಿಳಾಸಕ್ಕೆಲ್ಲ ಕಾಗದ ಹಾಕತೊಡಗಿದಳು.

"ನಾಳೆ ಅವರು ಬಂದು ಜಮೀನಿನಲ್ಲಿ ಪಾಲು ಕೇಳಿದ್ರೆ?" ಎಂದಿದ್ದ ಹೋಸಿಯಾ. ಅಜ್ಜ ಉಯಿಲು ಬರೆಯದೆ ಬಿಟ್ಟುಹೋದ ನಲವತ್ತೆರಡು ಎಕರೆ ಅದು. ಹಾಗೇ ಉಯಿಲಿಲ್ಲದ ಪಕ್ಕದ ಮನೆಯವರ ಹೊಲ, ಎಲ್ಲಿಂದಲೋ ಬಂದ ನೆಂಟನೊಬ್ಬ ಪಾಲು ಕೇಳಿ ಕೋರ್ಟಿಗೆ ಹೋಗಿ, ಹರಾಜಾಗಿತ್ತು.

"ಪೆದ್ದ! ಅಜ್ಜ ಅದನ್ನ ಕೊಂಡಿದ್ದು ಇದೆಲ್ಲ ಆಗಿ ಎಷ್ಟೋ ವರ್ಷಕ್ಕೆ. ಅವರಿಗೆಲ್ಲಿಯ ಪಾಲು?"

ಹೆದರಿದವನಿಗೆ ಕಾನೂನು ಕೇಳಿಸುತ್ತದೆಯೇ? ಲೂವೀನಿಯಾ ಆಸ್ಪತ್ರೆ ಸೇರಿದ ಮೇಲೆ ಅಲಬಾಮಾದಿಂದ ದಪ್ಪ ಲಕೋಟೆಯೊಂದು ಬಂತು. ಒಡೆಯದೆ ಬೀರುವಿನಲ್ಲಿಟ್ಟ.

"ಏನಾದ್ರೂ ಬಂತೇನೋ?"

"ಇಲ್ಲ ಅಕ್ಕಾ."

ಹತ್ತೊಂಬತ್ತು ದಿನ ಅದೇ ಪ್ರಶ್ನೆ, ಅದೇ ಉತ್ತರ.

*

"ನಾನು ಅರ್ಡೆಲ್. ಪ್ರೈಮಸ್‌ನ ಮೊಮ್ಮಗನ ಮೊಮ್ಮಗಳು," ಎಂದಳು ಬಂದವಳು. "ಲೂವೀನಿಯಾ ಅಕ್ಕನ ಸುದ್ದಿ ಫೋನಿನಲ್ಲಿ ನೋಡಿ ಹೊರಟುಬಂದೆ."

"ಪಾಲು ಕೇಳೋಕ್ಕಾ?" ಹೋಸಿಯಾನ ಬಾಯಿ ಜಾರಿತು.

"ಥೂ, ನಿನ್ನ!" ಎಂದಳು ಇರ್ಮಾ.

"ನಿಮ್ಮ ಮಣ್ಣು ನಿಮಗೇ ಇರ್ಲಿ," ಎಂದಳು ಅರ್ಡೆಲ್. "ಒಂದೇ ಒಂದು ಹೇಳಿ. ನನ್ನ ಕಾಗದ ಅಕ್ಕಂಗೆ ತಲುಪ್ತಾ? ಓದಿ ಏನಂದ್ರು?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು: ಓದಿದಳು, ನಕ್ಕಳು. ಇನ್ನು ಕೇಳುವವರಾದರೂ ಯಾರಿದ್ದರು? ಆದರೆ ಆ ಹೆಂಗಸು ಅವನ ಮುಖವನ್ನೇ ನೋಡುತ್ತಿದ್ದಳು, ಆಸ್ಪತ್ರೆಯಲ್ಲಿ ಅಕ್ಕ ನೋಡುತ್ತಿದ್ದಂತೆ.

"ಕೊಡ್ಲಿಲ್ಲ," ಎಂದ. "ನಾನೇ ಬಚ್ಚಿಟ್ಟೆ. ದಿನಾ ಕೇಳಿದ್ಲು. ದಿನಾ ಇಲ್ಲ ಅಂದೆ. ಪಾಪಿ ನಾನು."

ಇರ್ಮಾಳ ಬೀಸಣಿಗೆ ನಿಂತಿತು. ಅರ್ಡೆಲ್ ಬಯ್ಯಲಿಲ್ಲ. "ಪ್ರೈಮಸ್‌ಗೆ ಅಮ್ಮನ ಹೆಸರೂ ಮರೆತುಹೋಗಿತ್ತಂತೆ. ಡೈಸಿ ಅಂತ ಅಕ್ಕ ಇದ್ಲು ಅಂತ ಮಾತ್ರ ಸಾಯೋತನಕ ಹೇಳ್ತಿದ್ದನಂತೆ," ಎಂದಳು. "ಅದನ್ನೇ ಬರ್ದಿದ್ದೆ."

"ಒಡಹುಟ್ಟಿದವರು ಯಾರ್ರೀ? ಬಾಗಿಲು ತೆಗೀತಿದೀವಿ!" ಗ್ಯಾಸ್ಕಿನ್ ಕೂಗಿದ.

"ಇವರು," ಎಂದು ಹೋಸಿಯಾ ಅರ್ಡೆಲ್‌ಳನ್ನು ತೋರಿಸಿ, ಪಕ್ಕಕ್ಕೆ ಸರಿದ. ಇರ್ಮಾಳನ್ನು ದಾಟಿ, ಮಕ್ಕಳು ಮರಿಗಳನ್ನೆಲ್ಲ ದಾಟಿ ಸಾಲಿನ ಕೊನೆಗೆ ಹೋಗಿ ನಿಂತ.

ಒಳಗೆ ಎಲ್ಲರೂ ಎದ್ದು ನಿಂತು ಹಾಡುತ್ತಿದ್ದರು. ಕಪ್ಪು ಟೋಪಿ ಎಲ್ಲರಿಗಿಂತ ಮುಂದೆ, ಪೆಟ್ಟಿಗೆಯ ಹತ್ತಿರ ತಲುಪಿತ್ತು. ಹೋಸಿಯಾ ಹೊಸ್ತಿಲು ದಾಟುವಷ್ಟರಲ್ಲಿ, ಬಂದವರನ್ನು ಕೂರಿಸಲು ಬೇರೆ ಚರ್ಚಿನಿಂದ ನೆರವಿಗೆ ಬಂದಿದ್ದ ಬಿಳಿ ಕೈಗವಸಿನ ಹೆಂಗಸು ಅವನನ್ನು ಮೆಲ್ಲಗೆ ತಡೆದಳು.

"ಇದು ಮನೆಯವರ ಕಡೆ ಸಾರ್. ನೀವು ಆ ಬದಿಗೆ ಕೂತ್ಕೊಳ್ಳಿ."

ಅವನು ಹೋಗಿ ಆ ಬದಿಯಲ್ಲಿ ಕೂತ.