ಮೂರನೇ ಸಲ ಬಿದ್ದಾಗ

ನನ್ನಣ್ಣ ನನ್ಮಾರನಿಗೆ ಅಭಿಪ್ರಾಯ ಹೇಳುವುದೇ ಹೊಟ್ಟೆಪಾಡು. ಫೋನು, ವಾಚು, ಯಾವುದು ಬಂದರೂ ವಡಪಳನಿಯ ನಮ್ಮ ಮನೆಯ ಒಳಕೋಣೆಯಲ್ಲಿ ಕ್ಯಾಮೆರಾ ಮುಂದೆ ಕೂತು ಅದರ ಜಾತಕ ಬಿಚ್ಚುತ್ತಾನೆ. ಗುಂಡಿಯೊಂದು ಕೂದಲೆಳೆಯಷ್ಟು ಆಚೀಚೆ ಇದ್ದರೂ ಕಂಪನಿಯ ಮಾನ ಹರಾಜು. ಮುಲಾಜಿಲ್ಲದ ಮನುಷ್ಯ ಎಂದು ಲಕ್ಷಾಂತರ ಜನ ನಂಬುತ್ತಾರೆ. ಡಾಕ್ಟರನ್ನೇ ನಂಬದ ಅಮ್ಮನೂ ನಂಬುತ್ತಾಳೆ.

ನನಗೆ ಮೂರ್ಛೆರೋಗ. ಹೇಳದೆ ಕೇಳದೆ ಬೀಳುತ್ತೇನೆ. ಕೊಯಮತ್ತೂರಿನಲ್ಲಿ ಕೆಲಸ ಸಿಕ್ಕಾಗ ಅಮ್ಮ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಆಗ ಬಂತು ಅಣ್ಣನ ವಿಡಿಯೊ. ಹೊಸ ವಾಚು ಕಟ್ಟಿಕೊಂಡು ಹಾಸಿಗೆಯ ಮೇಲೆ ದೊಪ್ಪನೆ ಬೀಳುತ್ತಾನೆ, ಅಮ್ಮನ ಫೋನು ತಾನಾಗಿಯೇ ಹೊಡೆದುಕೊಳ್ಳುತ್ತದೆ. ನೋಡಿದ ಅಮ್ಮ, "ಹೋಗ್ ಬಾ. ನೀನು ಬಿದ್ರೆ ನಂಗೆ ಗೊತ್ತಾಗತ್ತಲ್ಲ," ಎಂದಳು. ಅದೇ ವಾಚು ನನ್ನ ಕೈಗೆ ಬಂತು.

ಹೊರಡುವ ದಿನ ಮಧ್ಯಾಹ್ನ ನನಗೇ ಒಮ್ಮೆ ನೋಡಬೇಕೆನ್ನಿಸಿತು. ಅಮ್ಮ ದಾರಿಯ ಪುಳಿಯೋಗರೆಗೆ ಕುಕ್ಕರಿನಲ್ಲಿ ಅನ್ನ ಇಟ್ಟಿದ್ದಳು. ಅವಳ ಫೋನನ್ನು ಒಳಕೋಣೆಗೆ ತಂದು, ಹಾಸಿಗೆಯ ಮೇಲೆ ಬಿದ್ದೆ. ಫೋನು ತೆಪ್ಪಗಿತ್ತು. ಮತ್ತೆ ಬಿದ್ದೆ. ಊಹೂಂ.

"ಸ್ವಲ್ಪ ಜೋರಾಗಿ ಬೀಳೇ, ತೇನು," ಎಂದ ಅಣ್ಣ ಕಂಪ್ಯೂಟರಿನಿಂದ ತಲೆ ಎತ್ತದೆ. "ನಂಗೂ ಮೂರನೇ ಸಲಕ್ಕೇ ಹೊಡ್ಕೊಂಡಿದ್ದು."

"ಮೊದಲ್ನೇ ಎರಡು ಸಲದ್ದು?"

"ಕಟ್ ಮಾಡ್ದೆ. ಟೇಕ್ ಸರಿ ಬರ್ಲಿಲ್ವಲ್ಲ."

ಅವನು ಯಾರಿಗೂ ಮೋಸ ಮಾಡಲು ಹೊರಟವನಲ್ಲ. ನನಗೆ ಭಯವಾದದ್ದೇ ಅದಕ್ಕೆ. ಮಾತು ತೊದಲಿದರೆ, ಬೆಳಕು ಕೆಟ್ಟರೆ, ಬೀದಿಯಲ್ಲಿ ಆಟೋದವನು ಹಾರ್ನ್ ಹೊಡೆದರೆ ಮತ್ತೆ ಶೂಟ್ ಮಾಡುತ್ತಾನೆ. ವಾಚು ಕೈಕೊಟ್ಟಿದ್ದನ್ನೂ ಅದೇ ಸಾಲಿಗೆ ಸೇರಿಸಿದ್ದ.

"ಅಣ್ಣಾ, ನಾನು ಬಿದ್ರೆ ಎದ್ದು ಇನ್ನೊಂದ್ಸಲ ಬೀಳಕ್ಕಾಗಲ್ಲ ಕಣೋ."

ಅವನ ಕೈ ನಿಂತಿತು. "ಆ ವಿಡಿಯೊ ತೆಗೆದು ಹಾಕ್ತೀನಿ," ಎಂದ ಮೆಲ್ಲಗೆ. "ಅಮ್ಮಂಗೂ ಹೇಳ್ತೀನಿ."

"ವಿಡಿಯೊ ತೆಗೆದು ಹಾಕು. ಅಮ್ಮಂಗೆ ಹೇಳಿದ್ರೆ ನಾನು ಈ ಜನ್ಮದಲ್ಲಿ ಈ ಹೊಸಿಲು ದಾಟಲ್ಲ."

"ಹುಚ್ಚಾ ನಿಂಗೆ? ಅಲ್ಲಿ ರೂಮಲ್ಲಿ ಒಬ್ಳೇ ಬಿದ್ದಿದ್ರೆ?"

ಅಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಏನಪ್ಪಾ ಮಾರಾ, ವಾಚು ಸರಿಯಾಗಿದ್ಯಾ? ನೀನೊಂದ್ ಮಾತು ಹೇಳು, ನಂಗೆ ಅಷ್ಟು ಸಾಕು."

ಅಣ್ಣ ಬಾಯಿ ತೆರೆದ. ಅವನು ಸತ್ಯವನ್ನೇ ಹೇಳಲಿದ್ದ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಈಗ್ತಾನೆ ಬಿದ್ದು ನೋಡ್ದೆ, ಅಮ್ಮ," ಎಂದೆ ಅವಸರವಾಗಿ. "ಚೆನ್ನಾಗಿ ಕೆಲ್ಸ ಮಾಡತ್ತೆ."

"ಫೋನ್ ಸದ್ದೇ ಕೇಳ್ಲಿಲ್ವಲ್ಲೇ."

"ಕುಕ್ಕರ್ ಕೂಗ್ತಿತ್ತಲ್ಲ."

ಆ ಎರಡು ಸಲವನ್ನು ನಾನೂ ಕಟ್ ಮಾಡಿದ್ದೆ. ಅಣ್ಣ ನನ್ನನ್ನೇ ನೋಡಿದ, ಆಮೇಲೆ ನೆಲ ನೋಡಿದ. ಅಮ್ಮ ನನ್ನ ಕೈ ಎಳೆದುಕೊಂಡು, ವಾಚಿನ ಪಟ್ಟಿಯನ್ನು ಇನ್ನೊಂದು ತೂತು ಬಿಗಿ ಮಾಡಿದಳು.